ಪುಣೆಯ ಫ್ಲ್ಯಾಟಿನಲ್ಲಿ ಹೋಮ್‌ಸ್ಕೂಲಿಂಗ್: ದಿನ ಹೇಗೆ ಕೂಡಿಸಬೇಕು, ಯಾವ ಸಾಮಾನು ಬೇಕು

ಮಕ್ಕಳನ್ನು ಮನೆಯಲ್ಲೇ ಓದಿಸಬೇಕು ಎಂದು ತೀರ್ಮಾನ ಮಾಡಿದ ಕೂಡಲೇ ಹೆಚ್ಚಿನ ಮನೆಗಳಲ್ಲಿ ಮೊದಲು ಶುರುವಾಗುವುದು ಖರೀದಿ. ವೈಟ್‌ಬೋರ್ಡ್, ಗ್ಲೋಬು, ಪುಟ್ಟ ಮೇಜು-ಕುರ್ಚಿ, ವರ್ಕ್‌ಬುಕ್ಕಿನ ಸೆಟ್ಟು, ಸೈನ್ಸ್ ಕಿಟ್ಟು. ಎರಡು ಬೆಡ್‌ರೂಮಿನ ಫ್ಲ್ಯಾಟು ಒಂದೇ ವಾರದಲ್ಲಿ ತುಂಬಿಬಿಡುತ್ತದೆ. ನಾನು ಹೇಳುವುದು ಇದಕ್ಕೆ ಪೂರ್ತಿ ಉಲ್ಟಾ. ಮೊದಲು ದಿನ ಒಂದು ಹದಕ್ಕೆ ಬರಲಿ. ಆ ದಿನಕ್ಕೆ ಏನು ಕಡಿಮೆ ಬೀಳುತ್ತದೆ ಎಂದು ಕಣ್ಣಿಗೆ ಕಂಡ ಮೇಲೆ ಅಷ್ಟನ್ನು ಮಾತ್ರ ತನ್ನಿ.

ನಾವು ಕೋಥರೂಡಿನಲ್ಲಿದ್ದೇವೆ. ತವರು ಧಾರವಾಡ, ನಮ್ಮ ಮನೆಯವರು ವಿಜಯಪುರದ ಕಡೆಯವರು. ಮಗಳಿಗೆ ಹನ್ನೊಂದು, ಮಗನಿಗೆ ಏಳು. ಮನೆಯಲ್ಲಿ ಕನ್ನಡ, ಕೆಳಗೆ ಆಟದ ಜಾಗದಲ್ಲಿ ಮರಾಠಿ, ಪುಸ್ತಕಗಳಲ್ಲಿ ಹೆಚ್ಚಾಗಿ ಇಂಗ್ಲಿಷ್. ಪುಣೆಯ ಎಷ್ಟೋ ಕನ್ನಡದ ಮನೆಗಳ ಸ್ಥಿತಿ ಹೀಗೇ ಇದೆ, ಅಲ್ವಾ? ಅಂಥವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲ ಹೆಜ್ಜೆ: ಕಾಗದಪತ್ರ

ಇದನ್ನು ಬೇಗ ಮುಗಿಸಿಬಿಡಿ. ಮಗು ಈಗಾಗಲೇ ಶಾಲೆಗೆ ಹೋಗುತ್ತಿದ್ದರೆ ಬಿಡುವಾಗ ಟಿಸಿ ಮತ್ತು ಕೊನೆಯ ವರ್ಷದ ಅಂಕಪಟ್ಟಿ ತೆಗೆದುಕೊಳ್ಳಿ. ಮುಂದೆ ಯಾವ ದಾರಿ ಹಿಡಿದರೂ ಇವೆರಡು ಬೇಕಾಗುತ್ತವೆ. ಜನನ ಪ್ರಮಾಣಪತ್ರ ಮತ್ತು ಆಧಾರ್‌ನಲ್ಲಿ ಹೆಸರು, ಹುಟ್ಟಿದ ದಿನ ಒಂದೇ ರೀತಿ ಇವೆಯೇ ನೋಡಿ. ನಮ್ಮ ಕಡೆಯವರಲ್ಲಿ ಅಡ್ಡಹೆಸರಿನ ತೊಡಕು ಜಾಸ್ತಿ. ಒಂದರಲ್ಲಿ ಊರ ಹೆಸರು, ಇನ್ನೊಂದರಲ್ಲಿ ಅಪ್ಪನ ಹೆಸರು ಇರುತ್ತದೆ. ಹತ್ತನೇ ತರಗತಿ ಅರ್ಜಿಯ ಹೊತ್ತಿಗೆ ಓಡಾಡುವ ಬದಲು ಈಗಲೇ ಸರಿಮಾಡಿಸಿ.

ಕಾನೂನಿನ ಬಗ್ಗೆ ಎಲ್ಲರೂ ಕೇಳುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. 6ರಿಂದ 14 ವರ್ಷದ ಮಕ್ಕಳ ಉಚಿತ, ಕಡ್ಡಾಯ ಶಿಕ್ಷಣ ಅದರ ವಿಷಯ. ಮಗುವನ್ನು ಶಾಲೆಗೆ ಸೇರಿಸುವುದು ತಂದೆತಾಯಿಯ ಕರ್ತವ್ಯ ಎಂದು ಹತ್ತನೇ ಕಲಮು ಹೇಳುತ್ತದೆ. ಸೇರಿಸದಿದ್ದರೆ ಇಂಥ ಶಿಕ್ಷೆ ಎಂದು ಕಾಯ್ದೆಯಲ್ಲಿ ಇಲ್ಲ. ಹೋಮ್‌ಸ್ಕೂಲಿಂಗ್‌ಗೆ ಅಂತ ಪ್ರತ್ಯೇಕ ನಿಯಮವೂ ಅದರಲ್ಲಿಲ್ಲ. ನಾಲ್ಕನೇ ಕಲಮು ನಮ್ಮಂಥವರಿಗೆ ತಿಳಿದಿರಲೇಬೇಕು. ಶಾಲೆಗೆ ಸೇರದ, ಇಲ್ಲವೇ ನಡುವೆ ಬಿಟ್ಟ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು ಎಂದು ಅದು ಹೇಳುತ್ತದೆ. ಅಂದರೆ ವಾಪಸ್ ಹೋಗುವ ಬಾಗಿಲು ತೆರೆದೇ ಇದೆ. ಊರಿನಿಂದ ಗಾಬರಿಯಾಗಿ ಫೋನ್ ಮಾಡುವ ಹಿರಿಯರಿಗೆ ಮೊದಲು ಈ ಮಾತು ಹೇಳಿ.

ಎರಡನೇ ಹೆಜ್ಜೆ: ಏನೂ ಕೊಳ್ಳದೆ ಕೆಲವು ವಾರ ನೋಡಿ

ಶಾಲೆ ಬಿಟ್ಟ ಮಗುವಿಗೆ ಒಂದಷ್ಟು ಬಿಡುವು ಬೇಕು. ಈ ವಾರಗಳಲ್ಲಿ ಪಾಠ ಬೇಡ. ನೀವು ಒಂದು ಹಳೆಯ ಡೈರಿ ಇಟ್ಟುಕೊಂಡು ದಿನಾ ನಾಲ್ಕು ಸಾಲು ಬರೆಯಿರಿ. ಮಗು ಯಾವ ಹೊತ್ತಿಗೆ ಚುರುಕಾಗಿರುತ್ತದೆ? ಯಾವಾಗ ಕಿರಿಕಿರಿ ಮಾಡುತ್ತದೆ? ತಾನಾಗಿ ಏನು ಕೈಗೆತ್ತಿಕೊಳ್ಳುತ್ತದೆ? ಕೂತು ಓದುತ್ತದೋ, ಮಲಗಿ ಓದುತ್ತದೋ, ಓದಿ ಹೇಳಿದರೆ ಕೇಳುತ್ತದೋ? ನನ್ನ ಮಗಳು ಬೆಳಗಿನ ತಿಂಡಿಗೆ ಮೊದಲೇ ಲೆಕ್ಕ ಮಾಡಿ ಮುಗಿಸುವವಳು. ಮಗನಿಗೆ ಹತ್ತು ಗಂಟೆಯವರೆಗೆ ಪೆನ್ಸಿಲ್ ಹಿಡಿಸಲು ಆಗುವುದಿಲ್ಲ. ಆದರೆ ಕತೆ ಕೇಳುತ್ತಾನೆ, ಚಪಾತಿ ಹಿಟ್ಟು ನಾದುತ್ತಾನೆ. ಇಬ್ಬರಿಗೂ ಒಂದೇ ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದರೆ ಅದು ಗೋಡೆಯ ಮೇಲಷ್ಟೇ ಉಳಿಯುತ್ತದೆ.

ಈ ಡೈರಿಯೇ ನಿಮ್ಮ ಖರೀದಿ ಪಟ್ಟಿ. ನೆಲದ ಮೇಲೆ ಬೋರಲು ಮಲಗಿ ಬರೆಯುವ ಮಗುವಿಗೆ ಮೇಜು ಕೊಳ್ಳುವುದು ಏಕೆ? ಒಂದು ಜಮಖಾನೆ ಮತ್ತು ಬರೆಯುವ ಪ್ಯಾಡು ಸಾಕು.

ಮೂರನೇ ಹೆಜ್ಜೆ: ಮನೆಯಲ್ಲಿ ಜಾಗ

ಬೇರೆ ಕೋಣೆ ಬೇಡ. ಒಂದು ಕಪಾಟಿನ ಕೆಳಗಿನ ಎರಡು ಖಾನೆ ಖಾಲಿ ಮಾಡಿ ಮಕ್ಕಳಿಗೆ ಬಿಟ್ಟುಕೊಡಿ. ಕೈಗೆ ಎಟುಕಬೇಕು, ಕಣ್ಣಿಗೆ ಕಾಣಬೇಕು. ಅಟ್ಟದ ಮೇಲೆ ಡಬ್ಬಿಯಲ್ಲಿ ಮುಚ್ಚಿಟ್ಟ ಬಣ್ಣದ ಪೆಟ್ಟಿಗೆ ಇದ್ದೂ ಇಲ್ಲದ ಹಾಗೆ. ಮೇಲಿನ ಖಾನೆಯಲ್ಲಿ ಈ ವಾರದ ಪುಸ್ತಕ. ಕೆಳಗೆ ಅಗಲ ಬಾಯಿಯ ಡಬ್ಬಿಗಳಲ್ಲಿ ಪೆನ್ಸಿಲ್, ಕತ್ತರಿ, ಅಂಟು, ದಾರ. ಎಲ್ಲವನ್ನೂ ಒಟ್ಟಿಗೆ ಹೊರಗಿಡಬೇಡಿ. ಅರ್ಧದಷ್ಟನ್ನು ಮಂಚದ ಕೆಳಗೆ ಇಟ್ಟು ತಿಂಗಳಿಗೊಮ್ಮೆ ಬದಲಿಸಿ. ಬಿಟ್ಟುಹೋಗಿದ್ದ ಆಟಿಕೆ ಮತ್ತೆ ಕಂಡಾಗ ಮಕ್ಕಳು ಹೊಸತು ಬಂದಂತೆ ಹಿಡಿಯುತ್ತಾರೆ.

ಜಮಖಾನೆ ಹಾಸಿದರೆ ಕಲಿಕೆ ಶುರು, ಮಡಚಿದರೆ ಊಟ. ನಮ್ಮ ಮನೆಯಲ್ಲಿ ಬೆಲ್ಲು ಅಷ್ಟೇ.

ನಾಲ್ಕನೇ ಹೆಜ್ಜೆ: ದಿನವನ್ನು ತಿಂಡಿ-ಊಟಕ್ಕೆ ಕಟ್ಟಿ

ಗಂಟೆ ಗಂಟೆಗೆ ವಿಷಯ ಬದಲಿಸುವುದು ಮೂವತ್ತು-ನಲವತ್ತು ಮಕ್ಕಳನ್ನು ಒಟ್ಟಿಗೆ ನಡೆಸಲು ಶಾಲೆ ಮಾಡಿಕೊಂಡ ಏರ್ಪಾಡು. ಮನೆಯಲ್ಲಿ ಅದು ಬೇಕಿಲ್ಲ. ಮನೆಯಲ್ಲಿ ಎಂದೂ ತಪ್ಪದ ಮೂರು ಹೊತ್ತುಗಳಿವೆ: ತಿಂಡಿ, ಊಟ, ಸಂಜೆಯ ಆಟ. ಪಾಠವನ್ನು ಇವುಗಳ ನಡುವೆ ಕೂರಿಸಿ.

ತಿಂಡಿಯಾದ ಮೇಲೆ ತಲೆಗೆ ಕೆಲಸ ಕೊಡುವ ವಿಷಯ: ಲೆಕ್ಕ, ಬರವಣಿಗೆ. ಏಳು ವರ್ಷದ ಮಗುವಿಗೆ ಒಂದು ಸಲಕ್ಕೆ ಹದಿನೈದು-ಇಪ್ಪತ್ತು ನಿಮಿಷ, ದಿನಕ್ಕೆ ಒಟ್ಟು ಒಂದು ಗಂಟೆ ಕೂತು ಮಾಡುವ ಕೆಲಸ ಧಾರಾಳವಾಯಿತು. ಹನ್ನೊಂದರ ಮಗುವಿಗೆ ಎರಡರಿಂದ ಎರಡೂವರೆ ಗಂಟೆ. ಇದು ತೀರಾ ಕಡಿಮೆ ಅನಿಸಬಹುದು. ಆದರೆ ಹಾಜರಿ ಇಲ್ಲ, ಸಾಲು ನಿಲ್ಲುವುದಿಲ್ಲ, ಬೇರೆಯವರು ಬರೆದು ಮುಗಿಸಲಿ ಎಂದು ಕಾಯುವುದಿಲ್ಲ. ಒಬ್ಬರ ಪಕ್ಕ ಒಬ್ಬರು ಕೂತರೆ ಕೆಲಸ ಬೇಗ ಸಾಗುತ್ತದೆ.

ಊಟಕ್ಕೆ ಮೊದಲು ಅಡುಗೆಮನೆ. ಊಟವಾದ ಮೇಲೆ ಓದಿ ಹೇಳುವುದು. ದೊಡ್ಡವಳು ಚಿಕ್ಕವನಿಗೆ ಓದಿ ಹೇಳುವ ದಿನಗಳೂ ಇರಲಿ. ಅವಳ ಉಚ್ಚಾರಣೆಗೆ ಅದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ. ಮಧ್ಯಾಹ್ನ ಕೈಕೆಲಸ, ಚಿತ್ರ, ಪ್ರಯೋಗ, ಇಲ್ಲವೇ ಏನೂ ಇಲ್ಲ. ಐದು ಗಂಟೆಗೆ ಸೊಸೈಟಿಯ ಮಕ್ಕಳು ಶಾಲೆ-ಟ್ಯೂಷನ್ ಮುಗಿಸಿ ಕೆಳಗಿಳಿಯುತ್ತಾರೆ. ಆ ಹೊತ್ತನ್ನು ಯಾವ ಕಾರಣಕ್ಕೂ ಕಸಿದುಕೊಳ್ಳಬೇಡಿ. ಗೆಳೆತನವೂ ಮರಾಠಿಯೂ ಅಲ್ಲೇ ಬರುವುದು.

ಬೆಳಗಿನ ಹೊತ್ತು ಮಕ್ಕಳನ್ನು ಲಿಫ್ಟಿನಲ್ಲಿ ಕಂಡವರು "ಆಜ್ ಸುಟ್ಟೀ ಆಹೇ ಕಾ?" (ಇವತ್ತು ರಜೆಯಾ?) ಅಂತ ಕೇಳೇ ಕೇಳುತ್ತಾರೆ. ಮಗುವಿಗೆ ಒಂದು ಸರಳ ಉತ್ತರ ಹೇಳಿಕೊಡಿ: "ಆಮ್ಹೀ ಘರೀಚ್ ಶಿಕತೋ" (ನಾವು ಮನೆಯಲ್ಲೇ ಕಲಿಯುತ್ತೇವೆ). ನಗುತ್ತಾ ಇಷ್ಟು ಹೇಳಿ ಮುಂದೆ ಹೋಗಲಿ. ವಾದ ಮಾಡುವ ಕೆಲಸ ಮಕ್ಕಳದ್ದಲ್ಲ.

ವಾರಕ್ಕೊಂದು ದಿನ ಹೊರಗೆ ಹೋಗಲು ಇಟ್ಟುಕೊಳ್ಳಿ. ಪುಣೆಯಲ್ಲಿ ದುರಸ್ತಿಗೆಂದು ನೀರು ಬಂದ್ ಆಗುವುದು ಹೆಚ್ಚಾಗಿ ಗುರುವಾರ. ಆ ದಿನ ಬುತ್ತಿ ಕಟ್ಟಿಕೊಂಡು ಹೊರಟುಬಿಟ್ಟರೆ ಮನೆಯ ತಾಪತ್ರಯವೂ ಕಡಿಮೆ. ಮ್ಯೂಸಿಯಮ್ಮಿಗೆ ಹೋಗುವುದಾದರೆ ವಾರದ ರಜೆ ಯಾವ ದಿನ ಎಂದು ಫೋನ್ ಮಾಡಿ ಕೇಳಿಕೊಂಡು ಹೊರಡಿ.

ಐದನೇ ಹೆಜ್ಜೆ: ಮನೆಯಲ್ಲೇ ಇರುವ ಸಾಮಾನು

ಅಂಗಡಿಗೆ ಹೋಗುವ ಮೊದಲು ಅಡುಗೆಮನೆಗೆ ಬನ್ನಿ. ಅಳತೆ, ಭಾಗ, ಗುಣಾಕಾರ ಎಲ್ಲ ಇಲ್ಲೇ ಇದೆ.

ಹುಣಸೆ ಬೀಜ ತೊಳೆದು ಒಣಗಿಸಿ ಒಂದು ಡಬ್ಬಿ ತುಂಬ ಇಟ್ಟುಕೊಳ್ಳಿ. ಎಣಿಕೆಗೆ, ಹತ್ತರ ಗುಂಪು ಮಾಡಲು ಇದಕ್ಕಿಂತ ಒಳ್ಳೆಯದು ಬೇಡ. ಹತ್ತು ಬೀಜಕ್ಕೆ ಒಂದು ಬೆಂಕಿಪೊಟ್ಟಣ, ಹತ್ತು ಪೊಟ್ಟಣಕ್ಕೆ ಒಂದು ತಟ್ಟೆ. ಬಿಡಿ, ಹತ್ತು, ನೂರು ಕಣ್ಣೆದುರೇ ಬಂತು. ಕಳೆಯುವ ಲೆಕ್ಕದಲ್ಲಿ 'ಸಾಲ ತರುವುದು' ಅಂದರೆ ಏನು ಎಂದು ಮಗನಿಗೆ ತಿಳಿದಿದ್ದು ಒಂದು ಪೊಟ್ಟಣ ಒಡೆದು ಹತ್ತು ಬೀಜ ಸುರಿದಾಗ. ಜೊತೆಗೆ ನೂರು ಮಣಿಗಳ ಒಂದು ಸರ ಪೋಣಿಸಿ. ಹತ್ತು ಕೆಂಪು, ಹತ್ತು ಬಿಳಿ, ಹೀಗೆ. ಗೋಡೆಗೆ ಅಡ್ಡವಾಗಿ ಕಟ್ಟಿದರೆ 37 ಎಲ್ಲಿದೆ, 40ಕ್ಕೆ ಎಷ್ಟು ಬೇಕು ಎಂದು ಮಗು ಬೆರಳಿಟ್ಟು ಹೇಳುತ್ತದೆ. ಮಣಿ, ದಾರ ತುಳಶೀಬಾಗ್ ಪೇಟೆಯಲ್ಲಿ ಸಿಗುತ್ತವೆ.

ಚೌಕಾಬಾರ ಮತ್ತು ಅಳಗುಳಿ ಮಣೆಯನ್ನು ಊರಿನಿಂದ ತರಿಸಿಕೊಳ್ಳಿ. ಮಣೆ ಇಲ್ಲದಿದ್ದರೆ ಮೊಟ್ಟೆ ಇಡುವ ರಟ್ಟಿನ ಟ್ರೇ ಕತ್ತರಿಸಿ ಹದಿನಾಲ್ಕು ಗುಳಿ ಮಾಡಿಕೊಳ್ಳಿ. ಕಾಯಿ ಹಂಚುತ್ತಾ ಯಾವ ಗುಳಿಗೆ ಕೊನೆಯ ಕಾಯಿ ಬೀಳುತ್ತದೆ ಎಂದು ಮುಂಚೆಯೇ ಲೆಕ್ಕ ಹಾಕುವ ಮಗುವಿಗೆ ಬೇರೆ ಮನಗಣಿತದ ಪುಸ್ತಕ ಬೇಡ.

ತಕ್ಕಡಿ ಒಂದು ಬೇಕು. ಅಡುಗೆಮನೆಯ ಡಿಜಿಟಲ್ ತಕ್ಕಡಿಗಿಂತ ಮಕ್ಕಳಿಗೆ ಎರಡು ತಟ್ಟೆಯದೇ ಒಳ್ಳೆಯದು ಎಂದು ನನ್ನ ಅಭಿಪ್ರಾಯ. ಹ್ಯಾಂಗರಿಗೆ ಎರಡು ಡಬ್ಬಿ ಮುಚ್ಚಳ ತೂಗುಹಾಕಿ ನೀವೇ ಮಾಡಬಹುದು. ಈ ಕಡೆ ಇಟ್ಟಿದ್ದಷ್ಟೇ ಆ ಕಡೆಯೂ ಇರಬೇಕು ಎಂಬುದು ಮುಂದೆ ಬೀಜಗಣಿತಕ್ಕೆ ಬುನಾದಿ. ಅಜ್ಜಿಯ ಮನೆಯಲ್ಲಿ ಹಿತ್ತಾಳೆಯ ಸೇರು, ಪಾವು ಬಿದ್ದಿದ್ದರೆ ಕೇಳಿ ತನ್ನಿ. ಸೇರಿಗೆ ನಾಲ್ಕು ಪಾವು. ಅಕ್ಕಿ ಸುರಿದು ನೋಡಿದ ಮಗುವಿಗೆ ಕಾಲು, ಅರ್ಧ, ಮುಕ್ಕಾಲು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಮಳೆಗಾಲ ಬಂತೆಂದರೆ ಮಳೆಮಾಪಕ ಮಾಡಿ. ಬದಿ ನೇರವಾಗಿರುವ ಪ್ಲಾಸ್ಟಿಕ್ ಬಾಟಲಿ ತೆಗೆದುಕೊಂಡು ಮೇಲಿನ ಭಾಗ ಕತ್ತರಿಸಿ. ಅದನ್ನೇ ತಲೆಕೆಳಗಾಗಿ ಬಾಯಿಗೆ ಕೂರಿಸಿ, ಲಾಳಿಕೆ ಆಯಿತು. ತಳದಲ್ಲಿ ನಾಲ್ಕು ಕಲ್ಲು ಹಾಕಿ, ಬಾಟಲಿಯ ಬದಿ ನೇರವಾಗುವ ಮಟ್ಟದವರೆಗೆ ನೀರು ತುಂಬಿ ಅಲ್ಲಿ ಸೊನ್ನೆ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಮಿಲಿಮೀಟರ್ ಪಟ್ಟಿ ಅಂಟಿಸಿ. ಗೋಡೆ, ಮರಗಳಿಂದ ದೂರ ಟೆರೇಸಿನ ನಡುವೆ ಇಡಿ. ದಿನಾ ಒಂದೇ ಹೊತ್ತಿಗೆ ಅಳೆದು ಬರೆದು, ಮತ್ತೆ ಸೊನ್ನೆಗೆ ತನ್ನಿ. ಒಂದು ಚದರ ಮೀಟರ್ ಜಾಗದಲ್ಲಿ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರು. 100 ಚದರ ಮೀಟರಿನ ಟೆರೇಸಿಗೆ 20 ಮಿಲಿಮೀಟರ್ ಬಿದ್ದರೆ 2000 ಲೀಟರ್! ಈ ಲೆಕ್ಕ ಮಾಡಿದ ಮೇಲೆ ಮಗಳು ಸೊಸೈಟಿಯ ಮಳೆನೀರು ಕೊಳವೆ ಎಲ್ಲಿ ಹೋಗುತ್ತದೆ ಎಂದು ಹುಡುಕಿಕೊಂಡು ಹೋದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗ್ರಾಫು ಬರೆಯಲು ಬೇರೆ ವಿಷಯ ಹುಡುಕಬೇಕಿಲ್ಲ.

ಬಿಸಿಲಿಗೂ ಒಂದು ಕೆಲಸ ಇದೆ. ಟೆರೇಸಿನಲ್ಲಿ ಒಂದು ನೆಟ್ಟಗಿನ ಕೋಲು ನಿಲ್ಲಿಸಿ ನೆರಳಿನ ತುದಿಗೆ ಬಳಪದಲ್ಲಿ ಗುರುತು ಹಾಕಿ. ಪುಣೆ ಕರ್ಕಾಟಕ ವೃತ್ತಕ್ಕಿಂತ ದಕ್ಷಿಣಕ್ಕಿದೆ. ಹಾಗಾಗಿ ವರ್ಷಕ್ಕೆ ಎರಡು ಸಲ, ಮೇ ನಡುವಿನ ಹೊತ್ತಿಗೆ ಮತ್ತು ಜುಲೈ ಕೊನೆಗೆ, ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ನಡುಹಗಲಲ್ಲಿ ಕೋಲಿನ ನೆರಳು ಮಾಯವಾಗುತ್ತದೆ. ಜುಲೈಯಲ್ಲಿ ಮೋಡ ಇರುವುದರಿಂದ ಮೇ ತಿಂಗಳದ್ದನ್ನೇ ನಂಬಿ.

ಆರನೇ ಹೆಜ್ಜೆ: ಈಗ ಅಂಗಡಿ

ಪುಣೆಯಲ್ಲಿ ಪುಸ್ತಕ ಎಂದರೆ ಅಪ್ಪಾ ಬಳವಂತ ಚೌಕ. ಎಲ್ಲರೂ ಎಬಿಸಿ ಅನ್ನುತ್ತಾರೆ. ಕೋಥರೂಡಿನ ವನಾಜ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ, ಡಿಸ್ಟ್ರಿಕ್ಟ್ ಕೋರ್ಟಿನಲ್ಲಿ ಬದಲಿಸಿ, ಕಸಬಾ ಪೇಠ ಅಥವಾ ಮಂಡಈ ನಿಲ್ದಾಣದಲ್ಲಿ ಇಳಿದರೆ ನಡೆದೇ ಹೋಗಬಹುದು. ಶಾಲೆ ಶುರುವಾಗುವ ಜೂನ್‌ನಲ್ಲಿ ಅಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ನಮಗೆ ಆ ಆತುರ ಇಲ್ಲವಲ್ಲ, ಜುಲೈ ಕಳೆದ ಮೇಲೆ ಹೋಗಿ. ಆಗ ಅಂಗಡಿಯವರಿಗೂ ಪುಸ್ತಕ ತೆಗೆದು ತೋರಿಸುವ ವ್ಯವಧಾನ ಇರುತ್ತದೆ. ಹಳೆಯ ಪಠ್ಯಪುಸ್ತಕಗಳೂ ಅಲ್ಲಿ ಸಿಗುತ್ತವೆ. ಪೇಠಗಳಲ್ಲಿ, ಅಂದರೆ ಹಳೆಯ ಪೇಟೆಗಳಲ್ಲಿ, ಕೆಲವು ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತವೆ. ಬೆಳಗ್ಗೆಯೇ ಹೊರಡಿ.

ಬರೆಯುವುದಕ್ಕೆ: ಚಿಕ್ಕವರಿಗೆ ದೊಡ್ಡ ಚೌಕದ ಲೆಕ್ಕದ ಪುಸ್ತಕ, ಗೆರೆ ಇಲ್ಲದ ಚಿತ್ರದ ಪುಸ್ತಕ. ದೊಡ್ಡವರಿಗೆ ಗೆರೆಯ ಲಾಂಗ್‌ಬುಕ್ಕು, ಗ್ರಾಫ್ ಕಾಗದ. ವಿಷಯಕ್ಕೊಂದು ನೋಟ್‌ಬುಕ್ಕು ಕೊಳ್ಳಬೇಡಿ, ಅರ್ಧ ಖಾಲಿ ಉಳಿಯುತ್ತವೆ. 500 ಹಾಳೆಯ ಒಂದು ಎ4 ಕಾಗದದ ಕಟ್ಟು, ತೂತು ಹಾಕುವ ಪಂಚು, ರಿಂಗ್ ಫೈಲು ತೆಗೆದುಕೊಂಡರೆ ಎಲ್ಲ ವಿಷಯಕ್ಕೂ ಆಗುತ್ತದೆ. ಸ್ಲೇಟು-ಬಳಪ ಬಿಡಬೇಡಿ. ನಮ್ಮ ಕಡೆ ಪಾಟಿ ಅನ್ನುತ್ತೇವಲ್ಲ, ಅದೇ. ತಪ್ಪಾದರೆ ಒರೆಸಿದರಾಯಿತು ಎಂಬ ಧೈರ್ಯ ಮಗುವಿನ ಕೈಗೆ ಬರುತ್ತದೆ. ನೋಟ್‌ಬುಕ್ಕಿನಲ್ಲಿ ಕಾಟು ಹಾಕಲು ಹೆದರುವ ಮಕ್ಕಳಿಗೆ ಇದು ತುಂಬಾ ಬೇಕು.

ಕತ್ತರಿಯಲ್ಲಿ ಜಿಪುಣತನ ಬೇಡ. ಕತ್ತರಿಸದ ಪ್ಲಾಸ್ಟಿಕ್ ಕತ್ತರಿಗಿಂತ ತುದಿ ಮೊಂಡಾಗಿರುವ ಉಕ್ಕಿನ ಕತ್ತರಿಯೇ ಸುರಕ್ಷಿತ. ಎಡಗೈ ಮಗುವಾದರೆ ಎಡಗೈಯವರ ಕತ್ತರಿಯನ್ನೇ ಕೇಳಿ ತನ್ನಿ.

ವಿಜ್ಞಾನದ ಪೆಟ್ಟಿಗೆ ನನಗೆ ಬಹಳ ಇಷ್ಟದ ವಿಷಯ. ಸಿದ್ಧ ಕಿಟ್ಟು ಕೊಳ್ಳಬೇಡಿ ಎಂದು ಬಲವಾಗಿ ಹೇಳುತ್ತೇನೆ. ಅದರಲ್ಲಿ ಒಂದು ಪ್ರಯೋಗ ಮುಗಿದರೆ ಆ ಸಾಮಾನಿಗೆ ಬೇರೆ ಕೆಲಸ ಇರುವುದಿಲ್ಲ. ನಮ್ಮ ಊರಿನಲ್ಲೇ ಇದಕ್ಕೆ ದೊಡ್ಡ ದಾರಿ ಹಾಕಿಕೊಟ್ಟವರಿದ್ದಾರೆ. ಕಸದಿಂದ ಆಟಿಕೆ ಮಾಡಿ ವಿಜ್ಞಾನ ಹೇಳಿಕೊಡುವ ಅರವಿಂದ ಗುಪ್ತಾ ಅವರು ಪುಣೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯುಕಾ ಎಂಬ ಖಗೋಳ ವಿಜ್ಞಾನ ಸಂಸ್ಥೆಯ ಮಕ್ಕಳ ವಿಜ್ಞಾನ ಕೇಂದ್ರದಲ್ಲಿ ವರ್ಷಗಟ್ಟಲೆ ಕೆಲಸ ಮಾಡಿದರು. 2018ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಅವರ ಆಟಿಕೆಗಳ ಚಿತ್ರ, ವಿಡಿಯೋ, ಪುಸ್ತಕಗಳು ಇಂಟರ್‌ನೆಟ್ಟಿನಲ್ಲಿ ಉಚಿತವಾಗಿವೆ.

ಅವರದೇ ಬೆಂಕಿಕಡ್ಡಿ ಮೆಕ್ಯಾನೋದಿಂದ ಶುರು ಮಾಡಿ. ಸೈಕಲ್ ಅಂಗಡಿಯಲ್ಲಿ ವಾಲ್ವ್‌ಟ್ಯೂಬ್, ಅಂದರೆ ತೆಳ್ಳಗಿನ ರಬ್ಬರ್ ಕೊಳವೆ, ಒಂದು ಮೀಟರ್ ತನ್ನಿ. ಸಣ್ಣ ಸಣ್ಣ ತುಂಡು ಮಾಡಿ. ಮದ್ದು ಕೆರೆದು ತೆಗೆದ ಬೆಂಕಿಕಡ್ಡಿಗಳನ್ನು ತುಂಡಿನ ಎರಡೂ ಬಾಯಿಗೆ ತೂರಿಸಿ. ಮೂರು ಕಡ್ಡಿ ಸೇರಿಸಿ ತ್ರಿಕೋನ ಮಾಡಿ, ಒತ್ತಿ ನೋಡಿ. ಅಲುಗಾಡುವುದಿಲ್ಲ. ನಾಲ್ಕು ಕಡ್ಡಿಯ ಚೌಕ ಒತ್ತಿದರೆ ವಾಲುತ್ತದೆ. ಮೂಲೆಯಿಂದ ಮೂಲೆಗೆ ಒಂದು ಉದ್ದ ಕಡ್ಡಿ ಕೊಟ್ಟರೆ ಅದೂ ಗಟ್ಟಿ. ಇಷ್ಟಾದ ಮೇಲೆ ಮಕ್ಕಳನ್ನು ಬೀದಿಗೆ ಕರೆದುಕೊಂಡು ಹೋಗಿ ತ್ರಿಕೋನ ಎಲ್ಲೆಲ್ಲಿದೆ ಎಂದು ಹುಡುಕಿಸಿ. ಸೈಕಲ್ಲಿನ ಚೌಕಟ್ಟು, ತಗಡಿನ ಮಾಡು, ವಿದ್ಯುತ್ ಗೋಪುರ, ರೈಲು ಸೇತುವೆ ಎಲ್ಲ ಕಡೆ ಸಿಗುತ್ತದೆ.

ಪೆಟ್ಟಿಗೆಗೆ ಮುಂದೆ ಸೇರಿಸಬೇಕಾದ್ದು: ಭೂತಕನ್ನಡಿ, ಎರಡು ಉಂಗುರ ಅಯಸ್ಕಾಂತ, ಎನಾಮಲ್ ಲೇಪದ ತಾಮ್ರದ ತಂತಿ, ದಪ್ಪ ಸೆಲ್ಲು, ಪಿನ್ನುಗಳು, ಸಣ್ಣ ಎಲ್‌ಇಡಿ, ಬಲೂನು, ಸ್ಟ್ರಾ, ರಬ್ಬರ್ ಬ್ಯಾಂಡು. ಎಬಿಸಿಯ ಹತ್ತಿರವೇ ಬುಧವಾರ ಪೇಠದ ತಪಕೀರ್ ಗಲ್ಲಿಯಲ್ಲಿ ವಿದ್ಯುತ್ ಸಾಮಾನೆಲ್ಲ ಬಿಡಿಯಾಗಿ ಕೊಡುತ್ತಾರೆ. ಹಗ್ಗ, ಕೊಳವೆ, ಸುತ್ತಿಗೆ-ಇಕ್ಕಳಕ್ಕೆ ರವಿವಾರ ಪೇಠದ ಬೋಹ್ರಿ ಆಳಿ. ತಂತಿ ಸುತ್ತಿ ಸುರುಳಿ ಮಾಡಿ, ಸೆಲ್ಲಿನ ಎರಡೂ ತುದಿಗೆ ಸೇಫ್ಟಿಪಿನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಸುರುಳಿಯ ಎರಡು ತುದಿಗಳನ್ನು ಪಿನ್ನುಗಳ ಕಣ್ಣಿಗೆ ತೂರಿಸಿ, ಸೆಲ್ಲಿನ ಮೇಲೆ ಅಯಸ್ಕಾಂತ ಇಟ್ಟರೆ ಮೋಟರು ತಿರುಗುತ್ತದೆ. ಗುಟ್ಟು ತಂತಿಯ ತುದಿಗಳಲ್ಲಿದೆ. ಒಂದು ತುದಿಯ ಲೇಪವನ್ನು ಸುತ್ತಲೂ ಕೆರೆಯಬೇಕು. ಇನ್ನೊಂದರದ್ದು ಅರ್ಧ ಭಾಗ ಮಾತ್ರ. ಪೂರ್ತಿ ಕೆರೆದರೆ ಸುರುಳಿ ಒಂದೇ ಕಡೆ ಅಲ್ಲಾಡಿ ನಿಲ್ಲುತ್ತದೆ. ತಂತಿ, ಸೆಲ್ಲು ಬೇಗ ಬಿಸಿಯಾಗುತ್ತವೆ. ತಿರುಗದಿದ್ದರೆ ಹಾಗೇ ಬಿಡಬೇಡಿ, ಕೂಡಲೇ ಬಿಡಿಸಿಡಿ. ಮಗು ಇದನ್ನು ಮಾಡುವಾಗ ನೀವು ಪಕ್ಕದಲ್ಲೇ ಇರಿ.

ಸೂಕ್ಷ್ಮದರ್ಶಕ ಬೇಕೆಂದರೆ ಕಾಗದದ ಫೋಲ್ಡ್‌ಸ್ಕೋಪ್ ಸಾಕು. ಸ್ಟ್ಯಾನ್‌ಫರ್ಡ್‌ನ ಮನು ಪ್ರಕಾಶ್ ತಂಡ ರೂಪಿಸಿದ್ದು. ಸುಮಾರು 140 ಪಟ್ಟು ದೊಡ್ಡದಾಗಿ ತೋರಿಸುತ್ತದೆ, ಜೇಬಿನಲ್ಲಿ ಹಿಡಿಸುತ್ತದೆ. ಈರುಳ್ಳಿಯ ತೆಳು ಸಿಪ್ಪೆಯಿಂದ ಶುರು ಮಾಡಿ.

ಪ್ರಿಂಟರ್ ಈಗಲೇ ಬೇಡ. ಕಾಲೇಜುಗಳಿರುವ ಈ ಊರಿನಲ್ಲಿ ಗಲ್ಲಿಗೊಂದು ಝೆರಾಕ್ಸ್ ಅಂಗಡಿ ಇದೆ. ವಾರಕ್ಕೆ ಎರಡು-ಮೂರು ಸಲ ಓಡಾಡುವಂತಾದರೆ ಆಗ ಯೋಚಿಸಿ, ಕಪ್ಪು-ಬಿಳುಪಿನದೇ ಕೊಳ್ಳಿ.

ಪಠ್ಯಪುಸ್ತಕಕ್ಕೆ ದುಡ್ಡು ಸುರಿಯಬೇಕಿಲ್ಲ. ಮಹಾರಾಷ್ಟ್ರದ ಪಠ್ಯಪುಸ್ತಕ ಮಂಡಳಿ ಬಾಲಭಾರತಿ 1967ರಲ್ಲಿ ಪುಣೆಯಲ್ಲೇ ಶುರುವಾಯಿತು. ಸೇನಾಪತಿ ಬಾಪಟ್ ರಸ್ತೆಯಲ್ಲಿದೆ. ಗಡಿಭಾಗದ, ಮುಂಬೈಯ ಕನ್ನಡ ಶಾಲೆಗಳಿಗಾಗಿ ಅದು ಕನ್ನಡದಲ್ಲೂ ಪುಸ್ತಕ ತರುತ್ತದೆ. ಪಿಡಿಎಫ್ ಉಚಿತ. ಕೇಂದ್ರದ ಪಠ್ಯಪುಸ್ತಕ ತರುವ ಎನ್‌ಸಿಇಆರ್‌ಟಿಯದ್ದೂ ಹಾಗೇ. ನಾನು ಮಾಡುವುದು ಇಷ್ಟು: ಲೆಕ್ಕಕ್ಕೆ ಒಂದು ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ಹಿಡಿಯುತ್ತೇನೆ, ಏಕೆಂದರೆ ಅಲ್ಲಿ ಮೆಟ್ಟಿಲು ತಪ್ಪಿದರೆ ಮುಂದೆ ತೊಂದರೆ. ಬೇರೆ ವಿಷಯಕ್ಕೆ ಎರಡು-ಮೂರು ಪುಸ್ತಕ ಪಕ್ಕದಲ್ಲಿಟ್ಟು ಬೇಕಾದ ಪಾಠ ತೆಗೆಯುತ್ತೇನೆ.

ಏಳನೇ ಹೆಜ್ಜೆ: ಕನ್ನಡಕ್ಕೆ ದಿನಾ ಒಂದು ಜಾಗ

ಇದನ್ನು ಬಿಟ್ಟರೆ ಎರಡೇ ವರ್ಷದಲ್ಲಿ ಮಕ್ಕಳು ಕನ್ನಡ ಆಡುತ್ತಾರೆ, ಓದುವುದಿಲ್ಲ. ಪುಣೆಯಲ್ಲಿ ಕನ್ನಡದ ಬೋರ್ಡು ಬೀದಿಯಲ್ಲಿ ಕಾಣುವುದಿಲ್ಲ. ಹಾಗಾಗಿ ಮನೆಯೊಳಗೆ ಅಕ್ಷರ ಕಾಣಬೇಕು. ಅಡುಗೆ ಡಬ್ಬಿಗಳ ಮೇಲೆ ತೊಗರಿ, ಅವಲಕ್ಕಿ, ಜೀರಿಗೆ ಎಂದು ಮಗುವಿನ ಕೈಯಲ್ಲೇ ಬರೆಸಿ ಅಂಟಿಸಿ. ಕಿರಾಣಿ ಪಟ್ಟಿ ಕನ್ನಡದಲ್ಲೇ ಬರೆಯಲಿ.

ಕಾಗುಣಿತಕ್ಕೆ ರಟ್ಟಿನ ಚಕ್ರ ಮಾಡಿ. ಒಂದರ ಮೇಲೊಂದು ಎರಡು ವೃತ್ತ, ನಡುವೆ ಟಿಚ್‌ಗುಂಡಿ ಅಥವಾ ಪಿನ್ನು. ಕೆಳಗಿನದರ ಅಂಚಿನಲ್ಲಿ ಒಂದು ವ್ಯಂಜನದ ಪೂರ್ತಿ ಕಾಗುಣಿತ, ಮೇಲಿನದರಲ್ಲಿ ಒಂದು ಕಿಟಕಿ. ಒತ್ತಕ್ಷರಗಳಿಗೆ ಅರ್ಧ ಎತ್ತರದ ಬೇರೆ ಕಾರ್ಡು ಮಾಡಿ ಅಕ್ಷರದ ಕೆಳಗೆ ಇಡಿಸಿ. ಅ-ಪ್ಪ, ಅ-ಕ್ಕ, ಅ-ಜ್ಜಿ ಇಂದಲೇ ಶುರು. ಕನ್ನಡದ ವರ್ಣಮಾಲೆ ಮತ್ತು ಮರಾಠಿಯದ್ದು ಒಂದೇ ಸಾಲಿನಲ್ಲಿ ಬರುವುದರಿಂದ ಎರಡನ್ನೂ ಅಕ್ಕಪಕ್ಕ ಬರೆದ ಒಂದು ಚಾರ್ಟ್ ಗೋಡೆಗೆ ಹಾಕಿ. ಒಂದು ಬಂದ ಮಗುವಿಗೆ ಇನ್ನೊಂದು ಬೇಗ ಹತ್ತುತ್ತದೆ.

ಓದಲು ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡದ ಮಕ್ಕಳ ಕತೆಗಳು ಹಂತ ಹಂತವಾಗಿ, ಉಚಿತವಾಗಿ ಸಿಗುತ್ತವೆ. ಒಂದಷ್ಟು ಪ್ರಿಂಟ್ ಹಾಕಿಸಿ ಹೊಲಿದು ಇಡಿ. ಊರಿಗೆ ಹೋದಾಗ ಬಟ್ಟೆಯ ಬದಲು ಪುಸ್ತಕ ಕೊಡಿಸಿ ಎಂದು ಅಜ್ಜಿ-ಮಾವಂದಿರಿಗೆ ಹೇಳಿಬಿಡಿ. ಎರಂಡವಣೆಯ ಗಣೇಶನಗರದಲ್ಲಿ ಪುಣೆ ಕನ್ನಡ ಸಂಘ ನಡೆಸುವ ಕನ್ನಡ ಶಾಲೆ ಇದೆ. ಸಂಘದ ಕಾರ್ಯಕ್ರಮಗಳಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಮನೆಯವರಲ್ಲದವರೂ ಕನ್ನಡ ಆಡುತ್ತಾರೆ ಎಂದು ಮಕ್ಕಳಿಗೆ ಕಾಣಲಿ. ಒಂದು ಕಟ್ಟು ಪೋಸ್ಟ್‌ಕಾರ್ಡು ಮನೆಯಲ್ಲಿರಲಿ. ಮಗ ಧಾರವಾಡದ ಅಜ್ಜಿಗೆ ಬರೆಯುತ್ತಾನೆ, ಅಜ್ಜಿ ಮರುಟಪಾಲಿನಲ್ಲಿ ದಪ್ಪ ಅಕ್ಷರದಲ್ಲಿ ಉತ್ತರ ಬರೆಯುತ್ತಾರೆ. ಒತ್ತು ಬಿಟ್ಟಿದ್ದರೆ ನಾನು ತಿದ್ದುವುದಿಲ್ಲ. ಅಜ್ಜಿಯ ಉತ್ತರದಲ್ಲಿ ಅದೇ ಪದ ಸರಿಯಾಗಿ ಬರುತ್ತದೆ, ಅವನೇ ನೋಡಿಕೊಳ್ಳುತ್ತಾನೆ.

ಎಂಟನೇ ಹೆಜ್ಜೆ: ಊರನ್ನೇ ಬಳಸಿಕೊಳ್ಳಿ

ಹೊರಗೆ ಹೋಗುವ ಚೀಲ ಸದಾ ಸಿದ್ಧ ಇರಲಿ: ನೀರು, ಟೋಪಿ, ಭೂತಕನ್ನಡಿ, ಟೇಪು, ಸಣ್ಣ ನೋಟ್‌ಬುಕ್ಕು, ಪೆನ್ಸಿಲ್, ಮಳೆಗಾಲದಲ್ಲಿ ಪ್ಲಾಸ್ಟಿಕ್ ಚೀಲ.

ವೇತಾಳ ಟೇಕಡಿ ಎಂಬ ಗುಡ್ಡಕ್ಕೆ ಒಂದೇ ದಾರಿಯಲ್ಲಿ ಮೇ, ಆಗಸ್ಟ್, ಡಿಸೆಂಬರ್‌ನಲ್ಲಿ ಹೋಗಿ ಬನ್ನಿ. ಅದೇ ಮರದ ಚಿತ್ರ ಮೂರು ಸಲ ಬರೆಸಿ. ಕಾಲಡಿಯ ಕಪ್ಪು ಕಲ್ಲು ಸುಮಾರು ಆರೂವರೆ ಕೋಟಿ ವರ್ಷದ ಹಿಂದೆ ಹರಿದ ಲಾವಾ. ಅದೇ ಕಲ್ಲನ್ನು ಕೊರೆದು ಮಾಡಿದ್ದು ಜಂಗಲೀ ಮಹಾರಾಜ ರಸ್ತೆಯ ಪಾತಾಳೇಶ್ವರ ಗುಹೆ. ಎಂಟನೇ ಶತಮಾನದ್ದು, ರಾಷ್ಟ್ರಕೂಟರ ಕಾಲ. ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ ಈಗಿನ ಕಲಬುರಗಿ ಜಿಲ್ಲೆಯ ಮಳಖೇಡ ಎಂದು ಅಲ್ಲೇ ನಕ್ಷೆ ಬಿಡಿಸಿ ತೋರಿಸಿ. ನಮ್ಮ ಮಕ್ಕಳಿಗೆ ಈ ಊರಿನ ಜೊತೆ ಒಂದು ಹಳೆಯ ನಂಟು ಇದೆ ಎಂದು ಗೊತ್ತಾಗುತ್ತದೆ.

ರಾಜಾ ದಿನಕರ ಕೇಳಕರ್ ಮ್ಯೂಸಿಯಮ್ಮಿನಲ್ಲಿ ದೀಪ, ಅಡಕತ್ತು, ಈಳಿಗೆ ಮಣೆ, ವಾದ್ಯಗಳಿವೆ. ಎಲ್ಲ ನೋಡಿಸಬೇಡಿ. ಒಂದೇ ಬಗೆಯ ಸಾಮಾನು ಆರಿಸಿ, ಒಂದರ ಚಿತ್ರ ಬರೆದುಕೊಂಡು ಬನ್ನಿ. ಆಗಾಖಾನ್ ಅರಮನೆಗೆ ಹೋಗುವ ಮೊದಲು 1942ರ ಕತೆ ಮನೆಯಲ್ಲೇ ಹೇಳಿ. ಗಾಂಧೀಜಿಯನ್ನು ಅಲ್ಲಿ ಬಂಧನದಲ್ಲಿಟ್ಟಿದ್ದರು. ಕಸ್ತೂರಬಾ 1944ರ ಫೆಬ್ರವರಿ 22ರಂದು ಅಲ್ಲೇ ತೀರಿಕೊಂಡರು. ಫೆಬ್ರವರಿ 28ರ ವಿಜ್ಞಾನ ದಿನದ ಹೊತ್ತಿಗೆ ಅಯುಕಾದವರೂ ನಾರಾಯಣಗಾವ್ ಹತ್ತಿರದ ಖೋಡದ್‌ನ ರೇಡಿಯೋ ದೂರದರ್ಶಕದವರೂ ಜನರಿಗೆಂದು ಕಾರ್ಯಕ್ರಮ ಇಡುತ್ತಾರೆ. ಖೋಡದ್ ಯೋಜನೆಯಲ್ಲಿ 45 ಮೀಟರ್ ಅಗಲದ 30 ಆಂಟೆನಾಗಳಿವೆ. ಹೋಗುವ ಮುನ್ನ 45 ಮೀಟರ್ ಎಷ್ಟು ಎಂದು ಸೊಸೈಟಿಯ ಅಂಗಳದಲ್ಲಿ ಅಳೆದು ನೋಡಿ.

ಒಂಬತ್ತನೇ ಹೆಜ್ಜೆ: ದಾಖಲೆ

ತಿಂಗಳಿಗೊಂದು ಪ್ಲಾಸ್ಟಿಕ್ ಫೋಲ್ಡರು. ಪ್ರತಿ ವಿಷಯದ ಎರಡು-ಮೂರು ಹಾಳೆ, ಓದಿದ ಪುಸ್ತಕಗಳ ಪಟ್ಟಿ, ಹೋದ ಜಾಗ, ಮಾಡಿದ ವಸ್ತುವಿನ ಫೋಟೋ. ಎಲ್ಲದರ ಮೇಲೂ ತಾರೀಖು. ಚೆನ್ನಾಗಿರುವುದನ್ನೇ ಆರಿಸಬೇಡಿ, ತೊಡಕಾದದ್ದೂ ಇರಲಿ. ಆರು ತಿಂಗಳ ನಂತರ ಮಗು ತಾನೇ ನೋಡಿ ಎಷ್ಟು ಮುಂದೆ ಬಂದಿದ್ದೇನೆ ಎಂದು ಅಳೆದುಕೊಳ್ಳುತ್ತದೆ. ಮರಳಿ ಶಾಲೆಗೆ ಸೇರುವ ದಿನ ಬಂದರೆ ತರಗತಿ ನಿರ್ಧರಿಸುವ ಶಿಕ್ಷಕರ ಮುಂದೆ ಇಡಲು ಇದೇ ನಿಮ್ಮ ಕೈಯಲ್ಲಿರುವುದು.

ದೊಡ್ಡವರ ಪಾಡು

ಒಬ್ಬರೇ ಹೊತ್ತರೆ ಆಗುವುದಿಲ್ಲ. ನಮ್ಮ ಮನೆಯವರು ಶನಿವಾರ ಬೆಳಗ್ಗೆ ಪೂರ್ತಿ ಮಕ್ಕಳ ಜೊತೆ ಇರುತ್ತಾರೆ. ಆ ಹೊತ್ತು ನನ್ನದು, ಅದರಲ್ಲಿ ಮನೆಗೆಲಸ ಸೇರಿಸುವುದಿಲ್ಲ. ಮೈ ಹುಷಾರಿಲ್ಲದ ದಿನಕ್ಕೆಂದು ಒಂದು ಬೇರೆ ಡಬ್ಬಿ ಮಾಡಿಡಿ: ಮೊದಲು ನೋಡಿರದ ಕತೆಪುಸ್ತಕ, ಒಗಟು, ಜೋಡಿಸುವ ಚಿತ್ರ, ಸಿದ್ಧ ಆಡಿಯೋ ಕತೆಗಳ ಪಟ್ಟಿ. ಅಂಥ ದಿನ ಪಾಠ ಆಗದಿದ್ದರೆ ಆಗದಿರಲಿ. ಹತ್ತಿರದಲ್ಲಿ ಇನ್ನೊಂದು ಹೋಮ್‌ಸ್ಕೂಲಿಂಗ್ ಮನೆ ಸಿಕ್ಕರೆ ವಾರಕ್ಕೊಮ್ಮೆ ಮಕ್ಕಳನ್ನು ಅದಲುಬದಲು ಮಾಡಿಕೊಳ್ಳಿ. ಅವರು ಚಿತ್ರ ಹೇಳಿಕೊಡಲಿ, ನೀವು ಕನ್ನಡ ಕತೆ ಹೇಳಿ.

ಹತ್ತನೇ ಹೆಜ್ಜೆ: ಪರೀಕ್ಷೆಯ ದಾರಿ

ಹನ್ನೆರಡು ತುಂಬುವ ಹೊತ್ತಿಗೆ ಇದನ್ನು ಮನೆಯಲ್ಲಿ ಮಾತಾಡಿ. ಹೆಚ್ಚಿನವರು ಹಿಡಿಯುವುದು ಎನ್‌ಐಒಎಸ್, ಅಂದರೆ 1989ರಲ್ಲಿ ಶುರುವಾದ ರಾಷ್ಟ್ರೀಯ ಮುಕ್ತ ಶಾಲೆ. ಅದರ ಮುಕ್ತ ಮೂಲ ಶಿಕ್ಷಣದ ಎ, ಬಿ, ಸಿ ಹಂತಗಳು 3, 5, 8ನೇ ತರಗತಿಗೆ ಸಮ. ಹತ್ತನೇ ತರಗತಿಗೆ ಸಮನಾದ ಸೆಕೆಂಡರಿಗೆ 14 ವರ್ಷ ಆಗಿರಬೇಕು. ಕನಿಷ್ಠ ಐದು ವಿಷಯ, ಅದರಲ್ಲಿ ಒಂದು ಭಾಷೆ. ಭಾಷೆಗಳ ಪಟ್ಟಿಯಲ್ಲಿ ಕನ್ನಡ ಇದೆ. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್ ಹೊತ್ತಿಗೆ. ದಾಖಲಾತಿ 5 ವರ್ಷ ಊರ್ಜಿತದಲ್ಲಿರುತ್ತದೆ. ಪಾಸಾದ ವಿಷಯದ ಅಂಕ ಹಾಗೇ ಉಳಿಯುತ್ತದೆ. ಹಾಗಾಗಿ ಐದನ್ನೂ ಒಟ್ಟಿಗೆ ಬರೆಯಬೇಕೆಂದಿಲ್ಲ. ಮೊದಲ ಸಲ ಮಗುವಿಗೆ ಸಲೀಸಾದ ಎರಡು, ಆಮೇಲೆ ಉಳಿದದ್ದು ಎಂದು ಮಾಡಿದರೆ ಪರೀಕ್ಷೆ ಕೋಣೆಯ ಅಭ್ಯಾಸವೂ ಆಗುತ್ತದೆ.

ಮನೆಯಲ್ಲಿ ಓದಿದ ಮಕ್ಕಳಿಗೆ ಮೂರು ಗಂಟೆ ಒಂದೇ ಕಡೆ ಕೂತು ಬರೆಯುವ ರೂಢಿ ಇರುವುದಿಲ್ಲ. ಒಂದು ವರ್ಷ ಮೊದಲೇ ಹಳೆಯ ಪ್ರಶ್ನೆಪತ್ರಿಕೆ ತೆಗೆದುಕೊಂಡು ತಿಂಗಳಿಗೊಮ್ಮೆ ಗಡಿಯಾರ ಇಟ್ಟು ಬರೆಸಿ. ಬರೆದು ಕಳಿಸಬೇಕಾದ ಅಸೈನ್‌ಮೆಂಟಿಗೂ ಅಂಕ ಇದೆ, ಅದರ ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ವಿಜ್ಞಾನ ತೆಗೆದುಕೊಂಡರೆ ಪ್ರಾಕ್ಟಿಕಲ್ ಇರುತ್ತದೆ. ಅಧ್ಯಯನ ಕೇಂದ್ರ ಆರಿಸುವಾಗ ಅಲ್ಲಿ ಪ್ರಯೋಗಶಾಲೆ ಇದೆಯೇ, ಮಕ್ಕಳಿಗೆ ಬಿಡುತ್ತಾರೆಯೇ ಎಂದು ಹೋಗಿ ನೋಡಿ. ಎನ್‌ಐಒಎಸ್‌ಗೆ ಪುಣೆಯಲ್ಲೇ ಪ್ರಾದೇಶಿಕ ಕೇಂದ್ರ ಇದೆ. ಅಲ್ಲಿಗೆ ಹೋಗುವಾಗ ಮಗುವನ್ನೂ ಕರೆದುಕೊಂಡು ಹೋಗಿ, ವಿಷಯಗಳ ಪಟ್ಟಿ ಅವರ ಕೈಗೆ ಕೊಡಿ, ಪ್ರಶ್ನೆಗಳನ್ನು ಅವರೇ ಕೇಳಲಿ.